ಎಣ್ಣೆ ಚುರ್ ಅಂದರೆ ಕೈ ನಡುಗುವುದು ಯಾಕೆ?

ಗದಗದಲ್ಲಿ ಮಿರ್ಚಿ ಭಜಿ ಬಂಡಿ ಇಟ್ಟವರೊಬ್ಬರು ಹೋದ ಮಳೆಗಾಲದಲ್ಲಿ ನನ್ನ ಹತ್ತಿರ ಚಿಕಿತ್ಸೆಗೆ ಬಂದಿದ್ದರು. ಬಾಣಲೆ ಮಗುಚಿ ಕೈ ಸುಟ್ಟಿತ್ತು. ಗಾಯ ಮಾಯ್ದು ಮೂರು ತಿಂಗಳಾಗಿತ್ತು.

"ಎಣ್ಣಿ ಚುರ್ ಅಂದ್ರ ಸಾಕ್ರಿ ಸರ, ಕೈ ನಡಗತಾವು. ನಮ್ಮಪ್ಪನೂ ಭಾಳ ಅಂಜತಿದ್ದ. ಇದು ರಕ್ತದಾಗ ಬಂದದ್ದೇನ್ರಿ?"

ಅಂಜುವ ಸ್ವಭಾವದಲ್ಲಿ ಮನೆತನದ ಪಾಲೂ ಇದೆ, ಸುಳ್ಳಲ್ಲ. ಆದರೆ ಜೀನ್ ಅಂದರೆ ಅಪ್ಪ-ಅವ್ವ ಬಿಟ್ಟುಹೋದ ಆಸ್ತಿ ಅಷ್ಟೇ ಅಲ್ಲ. ಅವು ದಿನವೂ ಆನ್ ಆಗುತ್ತವೆ, ಆಫ್ ಆಗುತ್ತವೆ. ಎಣ್ಣೆ ಚೆಲ್ಲಿದ ಆ ಸಂಜೆಯೂ ಅದೇ ಆಗಿದ್ದು.

ಮಿದುಳಿನ ಒಳಗೆ, ಎರಡೂ ಬದಿಗೆ, ಅಂಜಿಕೆ ಕಲಿಯುವ, ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗ ಇದೆ (ಊರಲ್ಲ, ತಿನ್ನೋ ಬಾದಾಮಿ). ಚುರ್ ಎನ್ನುವ ಸದ್ದು, ಸುಟ್ಟ ಉರಿ ಎರಡೂ ಅಲ್ಲಿನ ಜೀವಕೋಶಗಳಿಗೆ ಒಟ್ಟಿಗೇ ಬಂದವು. ಆಗ ಕ್ರೆಬ್ ಎಂಬ ಪ್ರೋಟೀನು ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಅವುಗಳಿಂದ ಹೊಸ ಪ್ರೋಟೀನು ತಯಾರಾಗಿ, ನರಗಳ ನಡುವಿನ ಕೊಂಡಿ ಬಿಗಿಯಾಗುತ್ತದೆ. ಇದಕ್ಕೆ ಕೆಲವು ತಾಸು ಬೇಕು. ಇಲಿಗಳಿಗೆ ಸದ್ದು ಕೇಳಿಸಿ ಶಾಕ್ ಕೊಟ್ಟು, ತಕ್ಷಣ ಅಮಿಗ್ಡಲಾದಲ್ಲಿ ಪ್ರೋಟೀನು ತಯಾರಾಗದಂತೆ ತಡೆದು ನೋಡಿದ್ದಾರೆ. ಮೊದಲ ಕೆಲವು ತಾಸು ಆ ಸದ್ದಿಗೆ ಹೆದರುತ್ತವೆ. ಮರುದಿನ ಅಷ್ಟಾಗಿ ಇಲ್ಲ.

ಸ್ಟ್ಯಾತ್ಮಿನ್ ಅನ್ನೋ ಜೀನ್ ಇನ್ನೂ ಸ್ವಾರಸ್ಯದ್ದು. ಅಮಿಗ್ಡಲಾದಲ್ಲಿ ಇದರ ಕೆಲಸ ಜಾಸ್ತಿ. ನರಕೋಶದ ಒಳಗಿನ ಸಾರುವೆ ಕಟ್ಟಿಗೆ ಬಿಚ್ಚಿ ಮತ್ತೆ ಕಟ್ಟಲು ದಾರಿ ಮಾಡಿಕೊಡುತ್ತದೆ ಅನ್ನಿ. ಈ ಜೀನ್ ತೆಗೆದ ಇಲಿಗಳ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಅವು ಶಾಕಿನ ಜೊತೆ ಕೇಳಿಸಿದ ಸದ್ದಿಗೂ ಕಡಿಮೆ ಹೆದರಿದವು, ಇಲಿಗಳು ಸಾಮಾನ್ಯವಾಗಿ ಕಾಲಿಡದ ಬಯಲು ಜಾಗಕ್ಕೂ ನುಗ್ಗಿದವು. ಧೈರ್ಯ ಅಂತ ಹೊಗಳಬೇಡಿ. ಬೆಕ್ಕಿರುವ ಮನೆಯಲ್ಲಿ ಅಂಥ ಇಲಿ ಎಷ್ಟು ದಿನ ಬಾಳೀತು, ಅಲ್ವಾ?

ಹಾಗಾದರೆ ಅಂಜಿಕೆ ಅಳಿಸಬಹುದಾ? ನಾವು ಅಳಿಸುವುದಿಲ್ಲ. ಹಳೆಯದರ ಪಕ್ಕದಲ್ಲೇ ಹೊಸ ಪಾಠ ಕಲಿಸುತ್ತೇವೆ. ಅದು ಉಳಿಯುವುದಕ್ಕೂ ಜೀನ್‌ಗಳು ಏಳಲೇಬೇಕು. ಇವರಿಗೆ ಮೊದಲು ಮೊಬೈಲಿನಲ್ಲಿ ಎಣ್ಣೆ ಕಾಯುವ ಸದ್ದು ಕೇಳಿಸಿದೆವು. ಆಮೇಲೆ ಮನೆಯಲ್ಲಿ ಚಮಚೆ ಎಣ್ಣೆಯ ಒಗ್ಗರಣೆ. ಸಾಸಿವೆ ಸಿಡಿದಾಗ ಮೊದಮೊದಲು ಎದ್ದು ಹೊರಗೆ ಹೋಗುತ್ತಿದ್ದರಂತೆ. ಹನ್ನೆರಡನೇ ದಿನ ಹೋಗಲಿಲ್ಲ.

ಈಗ ಬಂಡಿ ಮತ್ತೆ ನಿಂತಿದೆ. ಬಾಣಲೆ ಮಾತ್ರ ಬದಲಿಸಿದ್ದಾರೆ, ಅಗಲ ತಳದ್ದು, ಅಲುಗಾಡದ್ದು. ಆ ಅಂಜಿಕೆಯನ್ನು ಬಿಡಿಸಲು ನಾನೂ ಹೋಗಲಿಲ್ಲ.