ಬ್ರೇಕ್ ಆಯಿಲ್ ಬದಲಿಸಿದರೆ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಆರುತ್ತದೆಯೇ?

ಪ್ರಶ್ನೆ: ಸರ್, ನಮ್ಮ ಕಾರಿನಲ್ಲಿ ಹದಿನೈದು ದಿನಗಳಿಂದ ಕಾರು ಜಾರುವ ಚಿತ್ರದ ಹಳದಿ ದೀಪ ಉರಿಯುತ್ತಿದೆ. ಪಕ್ಕದಲ್ಲಿ ಎಬಿಎಸ್ ದೀಪವೂ ಇದೆ. ಬ್ರೇಕ್ ಆಯಿಲ್ ಹಳೆಯದಾಗಿದೆ, ಪೂರ್ತಿ ತೆಗೆದು ಹೊಸದು ಹಾಕಿದರೆ ಎರಡೂ ಆರುತ್ತವೆ ಎಂದು ಮಿಸ್ತ್ರಿ ಹೇಳುತ್ತಾರೆ. ಹಾಕಿಸಲೇ?

ಹಾಕಿಸಿ. ಆದರೆ ದೀಪ ಆರಲಿ ಎಂಬ ಕಾರಣಕ್ಕೆ ಬೇಡ. ಕೊನೆಯ ಬಾರಿ ಯಾವಾಗ ಹಾಕಿಸಿದ್ದೀರಿ ಎಂಬುದು ನಿಮಗೆ ನೆನಪಿಲ್ಲವಾದರೆ ಅದನ್ನು ಬದಲಿಸುವ ಕಾಲ ಮೀರಿದೆ ಎಂದೇ ತಿಳಿಯಿರಿ. ದೀಪದ ಕಥೆ ಬೇರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸೇಡಂ, ಚಿತ್ತಾಪುರ, ಜೇವರ್ಗಿ, ಆಳಂದ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೆಂದು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಈ ಸಲ ಕೂಡಿಸಿ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ, ನಿಮ್ಮ ಮಿಸ್ತ್ರಿಗೂ ಓದಿಸಿ.

ಕಾರು ಜಾರುವ ಚಿತ್ರದ ದೀಪ ಟ್ರ್ಯಾಕ್ಷನ್ ಕಂಟ್ರೋಲ್‌ನದು. ಅದು ಮಾಡುವ ಕೆಲಸ ಒಂದೇ. ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ವೇಗವಾಗಿ ತಿರುಗಿದರೆ ಅದು ಜಾರುತ್ತಿದೆ ಎಂದು ತಿಳಿದು ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ, ಬೇಕಾದರೆ ಆ ಚಕ್ರಕ್ಕಷ್ಟೇ ಬ್ರೇಕ್ ಹಾಕುತ್ತದೆ. ಚಕ್ರದ ವೇಗ ಅದಕ್ಕೆ ತಿಳಿಯುವುದು ನಾಲ್ಕೂ ಚಕ್ರಗಳ ನಡುಭಾಗದ (ಹಬ್) ಬಳಿ ಕುಳಿತಿರುವ ಬೆರಳುದ್ದದ ಸೆನ್ಸರ್‌ಗಳಿಂದ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನಂಬಿರುವುದೂ ಇದೇ ಸೆನ್ಸರ್‌ಗಳನ್ನು. ನಿಮ್ಮ ಕಾರಿನಲ್ಲಿ ಎರಡು ದೀಪಗಳು ಒಟ್ಟಿಗೆ ಹೊತ್ತಿಕೊಂಡಿರುವುದು ಆ ಕಾರಣಕ್ಕೇ ಇರಬಹುದು.

ಈಗ ನಿಮ್ಮ ಮಿಸ್ತ್ರಿಯ ಮಾತಿಗೆ ಬರೋಣ. ಸಾಮಾನ್ಯ ಕಾರುಗಳಲ್ಲಿ ಬ್ರೇಕ್ ಆಯಿಲ್ ಹಳೆಯದೋ ಹೊಸದೋ, ಅದರಲ್ಲಿ ನೀರು ಎಷ್ಟು ಸೇರಿದೆ ಎಂದು ಅಳೆಯುವ ಸಾಧನ ಇರುವುದಿಲ್ಲ. ಬಾನೆಟ್ ತೆರೆದು ನೋಡಿ: ಆಯಿಲ್ ಡಬ್ಬಿಯಲ್ಲಿರುವುದು ಮಟ್ಟ ತೋರಿಸುವ ಒಂದು ಸ್ವಿಚ್ ಮಾತ್ರ. ಮಟ್ಟ ಇಳಿದರೆ ಅದು ಹೇಳುತ್ತದೆ. ಬಣ್ಣ ಕಪ್ಪಾದರೆ, ನೀರು ಸೇರಿದರೆ ಹೇಳುವುದಿಲ್ಲ. ಐದು ವರ್ಷದ ಹಳೆಯ ಆಯಿಲ್ ಇಟ್ಟುಕೊಂಡು ಒಂದು ದೀಪವೂ ಹತ್ತದೆ ಓಡುವ ಕಾರುಗಳನ್ನು ನಾನು ದಿನವೂ ನೋಡುತ್ತೇನೆ. ಅವು ಅಪಾಯದಲ್ಲಿವೆ, ಆದರೆ ಆ ಅಪಾಯವನ್ನು ತೋರಿಸಲು ಡ್ಯಾಶ್‌ಬೋರ್ಡಿನಲ್ಲಿ ದೀಪವೇ ಇಲ್ಲ.

ಹಾಗಾದರೆ, "ನಮ್ಮ ಭಾವನ ಕಾರಿನಲ್ಲಿ ಆಯಿಲ್ ಹಾಕಿಸಿದ ದಿನವೇ ದೀಪ ಆರಿತಲ್ಲ ಸರ್" ಎನ್ನುವವರಿಗೆ ಏನು ಹೇಳಲಿ? ಆರಿದ್ದು ನಿಜ. ಯಾಕೆ ಆರಿತು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ, ನನಗೆ ಬೇಸರ ಅದೇ. ಆಯಿಲ್ ಬದಲಿಸುವಾಗ ಮಿಸ್ತ್ರಿ ನಾಲ್ಕೂ ಚಕ್ರ ಬಿಚ್ಚುತ್ತಾನೆ. ಹಳೆಯ ಆಯಿಲ್ ಹೊರಬಿಡುವ ಬ್ಲೀಡರ್ ನಟ್ ಕಾಣಲೆಂದು ನೀರು ಹಾಯಿಸಿ ಒಳಗಿನ ಮಣ್ಣು ತೊಳೆಯುತ್ತಾನೆ. ಸೆನ್ಸರಿಗೆ ಅಂಟಿದ್ದ ಮಣ್ಣೂ ಅದರೊಂದಿಗೆ ಹೋಗುತ್ತದೆ. ಕೆಲವರು ಬ್ಯಾಟರಿಯ ವೈರ್ ಬಿಚ್ಚಿ ಮತ್ತೆ ಬಿಗಿಯಾಗಿ ಕೂರಿಸುತ್ತಾರೆ. ಬೇಸಿಗೆಯಲ್ಲಿ ಸೋತ ಬ್ಯಾಟರಿ, ಸಡಿಲವಾದ ಟರ್ಮಿನಲ್ಲು, ಇವೆರಡರಿಂದಲೂ ಈ ದೀಪ ಹತ್ತುವುದುಂಟು. ಇನ್ನು ಕೆಲವು ಕಾರುಗಳಲ್ಲಿ ಆಯಿಲ್ ಮಟ್ಟ ತೀರಾ ಇಳಿದಿದ್ದರೆ ಬ್ರೇಕಿನ ಕೆಂಪು ದೀಪದ ಜೊತೆ ಎಬಿಎಸ್, ಟ್ರ್ಯಾಕ್ಷನ್ ದೀಪಗಳೂ ಹತ್ತುತ್ತವೆ, ಡಬ್ಬಿ ತುಂಬಿಸಿದರೆ ಆರುತ್ತವೆ. ಅಲ್ಲಿ ಬೇಕಾಗಿದ್ದು ಅರ್ಧ ಲೋಟ ಆಯಿಲ್. ಮಟ್ಟ ಇಳಿದಿದ್ದಾದರೂ ಯಾಕೆ? ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಅದನ್ನು ನೋಡದೆ ತುಂಬಿಸಿ ಕಳುಹಿಸುವುದು ತಪ್ಪು. ಕೊನೆಯದಾಗಿ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಅಳಿಸುವವರಿದ್ದಾರೆ. ಕಾರು ನಾಲ್ಕು ಕಿಲೋಮೀಟರ್ ಓಡಿದ ಮೇಲೆ ಅದೇ ಕೋಡ್ ಮರಳಿ ಬರುತ್ತದೆ, ಅಷ್ಟರಲ್ಲಿ ನೀವು ಹಣ ಕೊಟ್ಟು ಮನೆ ಸೇರಿರುತ್ತೀರಿ.

ಕಳೆದ ವರ್ಷ ಸೇಡಂ ರಸ್ತೆಯ ಕಡೆಯಿಂದ ಒಂದು ಕಾರು ಬಂತು. ಬೇರೆ ಕಡೆ ಎರಡು ಬಾರಿ ಆಯಿಲ್ ಬದಲಿಸಿದ್ದರು. ಡಬ್ಬಿಯಲ್ಲಿದ್ದ ಆಯಿಲ್ ಜೇನಿನ ಬಣ್ಣದ್ದು, ಹೊಚ್ಚಹೊಸದು. ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು. ಸ್ಕ್ಯಾನರ್ ಹಚ್ಚಿ, ಕೋಡ್ ಓದಿ ಸುಮ್ಮನಾಗದೆ, ಕಾರನ್ನು ನಿಧಾನವಾಗಿ ಓಡಿಸುತ್ತ ನಾಲ್ಕೂ ಚಕ್ರಗಳ ವೇಗ ನೋಡಿದೆವು. ಮೂರು ಚಕ್ರ ಇಪ್ಪತ್ತು ತೋರಿಸುತ್ತಿದ್ದವು, ಹಿಂದಿನ ಎಡಚಕ್ರ ಸೊನ್ನೆ. ಚಕ್ರ ಬಿಚ್ಚಿದರೆ ಎರೆಮಣ್ಣು ಒಣಗಿ ಇಟ್ಟಿಗೆಯಂತಾಗಿ ಸೆನ್ಸರ್ ವೈರನ್ನು ಎಳೆದು ಹಿಡಿದಿತ್ತು, ಒಳಗೆ ತಂತಿ ತುಂಡಾಗಿತ್ತು. ವೈರ್ ಸರಿಪಡಿಸಿದೆವು, ದೀಪ ಆರಿತು. ಮಾಲೀಕರಿಗೆ ನಾನು ಸ್ಕ್ಯಾನರಿನ ಪರದೆಯನ್ನು ತೋರಿಸಿಯೇ ಕಳುಹಿಸಿದೆ. ಈಗ ಅವರು ಊರಿನಲ್ಲಿ ಉಳಿದವರಿಗೆ ವಿವರಿಸುತ್ತಾರೆ, ನನಗೆ ಅದು ಬಹಳ ಸಂತೋಷ.

ಮಣ್ಣಿಲ್ಲದಿದ್ದರೆ ಮುಂದಿನ ಅನುಮಾನ ಬೇರಿಂಗ್ ಮೇಲೆ. ಇಂದಿನ ಅನೇಕ ಕಾರುಗಳಲ್ಲಿ ಸೆನ್ಸರ್ ಓದುವ ಕಾಂತದ ಪಟ್ಟಿ ಬೇರಿಂಗಿನ ಸೀಲ್‌ನಲ್ಲೇ ಇರುತ್ತದೆ. ಬೇರಿಂಗ್ ಅಲುಗಾಡಿದರೂ, ಹೊಸದನ್ನು ತಿರುಗುಮುರುಗಾಗಿ ಕೂರಿಸಿದರೂ ಸೆನ್ಸರ್ ಕುರುಡಾಗುತ್ತದೆ. ಬ್ರೇಕ್ ಪೆಡಲ್ ಮೇಲಿನ ಸ್ವಿಚ್ಚು, ಅಲೈನ್‌ಮೆಂಟ್ ನಂತರ ಹೊಂದಿಸದೆ ಬಿಟ್ಟ ಸ್ಟಿಯರಿಂಗ್ ಸೆನ್ಸರ್, ಒಂದೇ ಚಕ್ರಕ್ಕೆ ಬೇರೆ ಅಳತೆಯ ಟೈರ್, ಇವನ್ನೂ ನೋಡಬೇಕು. ಇಷ್ಟೆಲ್ಲ ನೋಡಲು ಒಂದು ಗಂಟೆ ಸಾಕು.

ಇಷ್ಟಾದರೂ ಬ್ರೇಕ್ ಆಯಿಲ್ ಬದಲಿಸಿ ಎಂದು ನಾನೇ ಒತ್ತಾಯಿಸುತ್ತೇನೆ. ಆಯಿಲ್ ಎಂದು ನಾವೆಲ್ಲ ಕರೆದರೂ ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವುದು ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಉಪ್ಪಿನಂತೆ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ನಮ್ಮ ಮೇ ತಿಂಗಳ 44 ಡಿಗ್ರಿ ಬಿಸಿಲಿಗೆ ಅದು ಕುದಿಯುವುದಿಲ್ಲ, ಆ ಚಿಂತೆ ಬೇಡ. ತುಂಬಿದ ಕಾರಿನಲ್ಲಿ ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಯೇ ಇಳಿದರೆ ಚಕ್ರದಲ್ಲಿ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಬಳಿ ಕುದಿಯಬಹುದು. ಕುದಿದರೆ ಆವಿ ಹುಟ್ಟುತ್ತದೆ, ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಅದರ ಜೊತೆಗೆ ಆ ನೀರು ಎಬಿಎಸ್ ಘಟಕದ ಒಳಗಿನ ಸಣ್ಣ ವಾಲ್ವ್‌ಗಳಿಗೆ ತುಕ್ಕು ಹಿಡಿಸುತ್ತದೆ. ಹಳೆಯ ಆಯಿಲ್‌ಗೂ ಟ್ರ್ಯಾಕ್ಷನ್ ಕಂಟ್ರೋಲ್‌ಗೂ ಸಂಬಂಧ ಇರುವುದು ಇಲ್ಲಿ: ವರ್ಷಗಟ್ಟಲೆ ನಿರ್ಲಕ್ಷಿಸಿದರೆ ಘಟಕವೇ ಕೆಡಬಹುದು. ಕೆಟ್ಟ ಮೇಲೆ ಹೊಸ ಆಯಿಲ್ ಹಾಕಿದರೆ ತುಕ್ಕು ಹೋಗುವುದಿಲ್ಲ. ಕಂಪನಿಯ ಪುಸ್ತಕ ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಬದಲಿಸುವಾಗ ಒಂದು ಲೀಟರ್ ಸಾಮಾನ್ಯವಾಗಿ ಸಾಕು. ಸೀಲ್ ಒಡೆಯದ ಡಬ್ಬಿಯೇ ಬೇಕು, ಅಂಗಡಿಯಲ್ಲಿ ಅರ್ಧ ಉಳಿದದ್ದು ಬೇಡ. ಕೆಲಸ ನಡೆಯುವಾಗ ಕಾರಿನ ಆಯಿಲ್ ಡಬ್ಬಿಯ ಮಟ್ಟ ಒಮ್ಮೆಯೂ ತಳ ಮುಟ್ಟಬಾರದು. ಮುಟ್ಟಿದರೆ ಗಾಳಿ ಎಬಿಎಸ್ ಘಟಕದೊಳಗೆ ಹೋಗುತ್ತದೆ, ಆಗ ಪೆಡಲ್ ಒತ್ತಿ ಏರ್ ತೆಗೆಯುವ ಹಳೆಯ ಪದ್ಧತಿ ಸಾಲದೆ ಸ್ಕ್ಯಾನರಿನಿಂದ ಪಂಪ್ ಓಡಿಸಬೇಕಾಗುತ್ತದೆ. ಹಳೆಯ ಕಾರಿನಲ್ಲಿ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿಸಿ; ಪೂರ್ತಿ ಒತ್ತಿದರೆ, ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರು ಎಂದೂ ಹೋಗದ ಒರಟು ಜಾಗಕ್ಕೆ ಹೋಗಿ ಹರಿಯಬಹುದು. ಆಯಿಲ್ ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ. ಹೈಬ್ರಿಡ್ ಕಾರಾದರೆ ಸ್ಕ್ಯಾನರ್ ಇಲ್ಲದವರ ಕೈಗೆ ಕೊಡಲೇಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೀಪ ಮಿಟುಕುತ್ತಿದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುತ್ತಿದೆ ಎಂದರ್ಥ. 'ಆಫ್' ಎಂಬ ಅಕ್ಷರಗಳ ಜೊತೆ ಉರಿದರೆ ಯಾರೋ ಗುಂಡಿ ಒತ್ತಿದ್ದಾರೆ. ಹಾಗೆ ಗುಂಡಿ ಒತ್ತಿದ ಕಾರನ್ನೂ ರಿಪೇರಿಗೆ ತಂದವರಿದ್ದಾರೆ. ಆ ಗುಂಡಿ ಇರುವುದಾದರೂ ಯಾಕೆ? ನಮ್ಮ ಹೊಲದ ದಾರಿಗಳಿಗೆ ಅದು ಬೇಕು. ಹಸಿ ಎರೆಮಣ್ಣಿನಲ್ಲಿ ಚಕ್ರ ಜಾರಿದ ಕೂಡಲೇ ಯಂತ್ರ ಎಂಜಿನ್ನಿನ ಶಕ್ತಿ ಕಡಿದುಬಿಡುತ್ತದೆ, ಕಾರು ನಿಂತಲ್ಲೇ ಹೂತುಕೊಳ್ಳುತ್ತದೆ. ಅಲ್ಲಿ ಗುಂಡಿ ಒತ್ತಿ, ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತುತ್ತ ಹೊರಬನ್ನಿ. ಆಗದಿದ್ದರೆ ಬದುವಿನ ಮೇಲೆ ಒಟ್ಟಿದ ತೊಗರಿ ಕಟ್ಟಿಗೆಯನ್ನು ಎಳೆಯುವ ಚಕ್ರಗಳ ಮುಂದೆ ಹಾಸಿ. ಡಾಂಬರು ರಸ್ತೆ ಹತ್ತಿದೊಡನೆ ಗುಂಡಿಯನ್ನು ಮತ್ತೆ ಒತ್ತಿ ಟ್ರ್ಯಾಕ್ಷನ್ ಕಂಟ್ರೋಲ್ ಚಾಲೂ ಮಾಡಿ. ಮನೆಗೆ ಬಂದವರು ಬಾಗಿಲು ಬಾನೆಟ್ ತೊಳೆಯುವ ಮೊದಲು ನಾಲ್ಕೂ ಚಕ್ರಗಳ ಒಳಬದಿಗೆ ನೀರು ಹಾಯಿಸಿ, ಮಣ್ಣು ಒಣಗುವ ಮುನ್ನವೇ.