ನಾಲ್ಕು ಸಲದ್ದನ್ನು ಒಂದೇ ಸಲ ತಿರುಗಿಸಬೇಡಿ

"ಡಾಕ್ಟ್ರೇ, ಮೂಳೆ ಎಷ್ಟು ಬೆಳೀತು?" ಕಾಲಿನ ಮೂಳೆ ಉದ್ದ ಮಾಡಿಸಿಕೊಳ್ಳುತ್ತಿರುವವರು ಬಾಗಿಲಲ್ಲೇ ಕೇಳುವ ಪ್ರಶ್ನೆ ಇದು. ಮೂಳೆಯನ್ನು ಕತ್ತರಿಸಿ ಕಾಲಿನ ಸುತ್ತ ಚೌಕಟ್ಟು ಕಟ್ಟಿರುತ್ತೇವೆ. ಮನೆಯಲ್ಲಿ ಅದರ ನಟ್ ತಿರುಗಿಸಿದಷ್ಟೂ ತುಂಡುಗಳು ದೂರ ಸರಿಯುತ್ತವೆ, ನಡುವೆ ಹೊಸ ಮೂಳೆ ಬೆಳೆಯುತ್ತದೆ. ಕೈಯಲ್ಲಿ ಎಕ್ಸ್-ರೇ ಇರುತ್ತದೆ. ನನ್ನ ಕಣ್ಣು ಮಾತ್ರ ಮೊದಲು ಹಿಮ್ಮಡಿಗೆ ಹೋಗುತ್ತದೆ. ಅದು ನೆಲಕ್ಕೆ ಊರುತ್ತಿದೆಯಾ? ಮೂಳೆಯ ನಡುವಿನ ಅಂತರವನ್ನು ಎಕ್ಸ್-ರೇ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದು. ಮೀನಖಂಡದ ಸ್ನಾಯುವಿನ ಪಾಡು ಅದರಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಎಳೆಯುತ್ತಿರುವುದು ಮೂಳೆಯನ್ನು ಮಾತ್ರ ಅಂತ ಎಲ್ಲರೂ ಅಂದುಕೊಂಡುಬಿಡುತ್ತಾರೆ.

ಒಬ್ಬ ಹುಡುಗ ಬರುತ್ತಿದ್ದ. ಬಹಳ ಶಿಸ್ತಿನವನು. ನಟ್ ತಿರುಗಿಸಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮೂರನೇ ವಾರ ಬಂದಾಗ ಹಿಮ್ಮಡಿ ಮೇಲೆದ್ದಿತ್ತು, ಬೆರಳುಗಳು ಜೋಮು ಹಿಡಿದಿದ್ದವು. ಹಗಲೆಲ್ಲ ಕೆಲಸ ಅಂತ ದಿನದ ನಾಲ್ಕು ತಿರುವನ್ನೂ ರಾತ್ರಿ ಒಟ್ಟಿಗೆ ತಿರುಗಿಸುತ್ತಿದ್ದನಂತೆ. "ಲೆಕ್ಕ ಸರಿಯಾಗೇ ಇದೆ ಅಲ್ವಾ ಡಾಕ್ಟ್ರೇ? ದಿನಕ್ಕೆ ಒಂದೇ ಮಿಲಿಮೀಟರ್."

ಲೆಕ್ಕ ಸರಿಯಾಗೇ ಇತ್ತು. ಸ್ನಾಯುವಿಗೆ ಆ ಲೆಕ್ಕ ಒಗ್ಗಲಿಲ್ಲ.

ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ಸ್ನಾಯು ಎಳೆದಷ್ಟು ಹಿಗ್ಗಿ ಹಾಗೇ ಉಳಿಯುವ ವಸ್ತು ಅಲ್ಲ. ಹೊಸ ತುಂಡುಗಳನ್ನು ಕಟ್ಟಿ ಸೇರಿಸಿಕೊಂಡೇ ಅದು ಉದ್ದವಾಗಬೇಕು. ಸ್ನಾಯುವಿನ ಎಳೆಯೊಳಗೆ ಸಾರ್ಕೋಮಿಯರ್ ಎಂಬ ಘಟಕಗಳು ಸರಪಳಿಯ ಕೊಂಡಿಗಳಂತೆ ಸಾಲಾಗಿವೆ. ಒಂದೊಂದು ಕೊಂಡಿ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು. ಎಳೆ ಒಂದು ಮಿಲಿಮೀಟರ್ ಬೆಳೆಯಬೇಕಾದರೆ ಸುಮಾರು 400 ಕೊಂಡಿ ಸೇರಬೇಕು. ಅದಕ್ಕೆ ರಕ್ತ ಬೇಕು. ರಕ್ತ ತಲುಪಬೇಕಾದರೆ ಕೂದಲಿಗಿಂತ ಸಣ್ಣ ನಾಳಗಳೂ ಜೊತೆಜೊತೆಗೇ ಬೆಳೆಯಬೇಕು.

ಎಳೆತ ಬಿದ್ದಾಗ, ಆಮ್ಲಜನಕ ತುಸು ಕಡಿಮೆಯಾದಾಗ, ಸ್ನಾಯುವಿನ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಹತ್ತಿರದ ರಕ್ತನಾಳಕ್ಕೆ ಅದು ಕರೆ ಇದ್ದ ಹಾಗೆ. ನಾಳದ ಗೋಡೆಯಲ್ಲಿ ಮೊಳಕೆ ಒಡೆಯುತ್ತದೆ, ಮೊಳಕೆ ಟೊಳ್ಳಾಗುತ್ತದೆ, ಇನ್ನೊಂದು ನಾಳಕ್ಕೆ ಹೋಗಿ ಕೂಡುತ್ತದೆ. ಆಮೇಲಷ್ಟೇ ರಕ್ತ ಹರಿಯುವುದು. ಕರೆ ಹೊರಡಲು ಗಂಟೆಗಳು ಸಾಕು. ನಾಳ ಆಗಲು ದಿನಗಳು ಬೇಕು.

ಇಷ್ಟು ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ. ಜಾಸ್ತಿ ಎಳೆದರೆ ಜಾಸ್ತಿ ವಿಇಜಿಎಫ್, ಜಾಸ್ತಿ ನಾಳ, ಅಲ್ವಾ? ಖಂಡಿತ ಅಲ್ಲ. ಒಮ್ಮೆಲೇ ಎಳೆದರೆ ಇರುವ ನಾಳಗಳೇ ಸಪೂರವಾಗಿ ರಕ್ತ ಓಡಾಡುವುದು ಕಡಿಮೆಯಾಗುತ್ತದೆ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಕಿತ್ತುಹೋಗಬಹುದು. ಆ ಜಾಗದಲ್ಲಿ ಗಾಯದ ಗಟ್ಟಿ ನಾರು ತುಂಬಿಕೊಳ್ಳುತ್ತದೆ. ನಾರು ಹಿಗ್ಗುವುದಿಲ್ಲ, ಹಿಮ್ಮಡಿಯನ್ನು ಮೇಲಕ್ಕೆ ಜಗ್ಗುತ್ತದೆ. ಇನ್ನು ಕೆಲವರು ವಿಇಜಿಎಫ್ ಇಂಜೆಕ್ಷನ್ ಕೇಳುತ್ತಾರೆ. ಈ ಚಿಕಿತ್ಸೆಯಲ್ಲಿ ಅದು ರೂಢಿಯಲ್ಲಿಲ್ಲ. 1983ರಲ್ಲಿ ಈ ಪ್ರೋಟೀನನ್ನು ಮೊದಲು ಗುರುತಿಸಿದ್ದೇ ರಕ್ತನಾಳ ಸೋರುವಂತೆ ಮಾಡುವ ವಸ್ತು ಅಂತ. ಜಾಸ್ತಿಯಾದರೆ ಊತ ಬರುತ್ತದೆ.

ಸೈಬೀರಿಯಾದ ಕುರ್ಗಾನ್‌ನಲ್ಲಿ, ಮೂಳೆ ಉದ್ದ ಮಾಡುವ ಈ ವಿಧಾನ ರೂಪಿಸಿದ ಡಾಕ್ಟರ್ ಗವ್ರೀಲ್ ಇಲಿಜಾರೋವ್ ನಾಯಿಗಳ ಕಾಲಿನ ಮೇಲೆ ಇದನ್ನು ಪರೀಕ್ಷಿಸಿದರು. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದಾಗ ಎಷ್ಟೋ ಸಲ ಬೇಕಾದಷ್ಟು ಉದ್ದವಾಗುವ ಮೊದಲೇ ಮೂಳೆ ಕೂಡಿಬಿಟ್ಟಿತು. ಎರಡು ಮಿಲಿಮೀಟರ್ ಎಳೆದಾಗ ಸುತ್ತಲಿನ ಭಾಗ ಕೆಟ್ಟಿತು. ಒಂದು ಮಿಲಿಮೀಟರ್ ಹದವಾಗಿತ್ತು. ಅದೇ ಒಂದು ಮಿಲಿಮೀಟರನ್ನು ದಿನಕ್ಕೆ ಒಂದು ಸಲ, ನಾಲ್ಕು ಸಲ, ಯಂತ್ರ ಕಟ್ಟಿ 60 ಸಲ ಹಂಚಿಯೂ ನೋಡಿದರು. ಹಂಚಿದಷ್ಟೂ ಸ್ನಾಯುವಿಗೂ ಮೂಳೆಗೂ ಒಳ್ಳೆಯದಾಯಿತು. ಕೈಯಿಂದ 60 ಸಲ ಆಗುವ ಮಾತಲ್ಲ. ಅದಕ್ಕೇ ನಿಮಗೆ ನಾಲ್ಕು ಸಲ, ಕಾಲು ಕಾಲು ಮಿಲಿಮೀಟರ್.

ಎಲ್ಲರಿಗೂ ಇದೇ ವೇಗ ಅಂತಲ್ಲ. ಕೆಲವರಿಗೆ ಇಳಿಸುತ್ತೇವೆ, ಕೆಲವರಿಗೆ ಏರಿಸುತ್ತೇವೆ. ಅದನ್ನು ನಿಮ್ಮ ಡಾಕ್ಟರ್ ನೋಡಿ ಹೇಳಬೇಕು, ನೀವೇ ಬದಲಾಯಿಸಬೇಡಿ. ಬೀಡಿ, ಸಿಗರೇಟ್ ಪೂರಾ ಬಿಡಿ, ನಿಕೋಟಿನ್ ಈ ನಾಳಗಳನ್ನೇ ಬಿಗಿ ಮಾಡುತ್ತದೆ.

ಆ ಹುಡುಗನಿಗೆ ಕೆಲವು ದಿನ ತಿರುಗಿಸುವುದನ್ನೇ ನಿಲ್ಲಿಸಿದೆವು. ಆಮೇಲೆ ನಿಧಾನವಾಗಿ ಶುರು ಮಾಡಿದೆವು. ಜೋಮು ಹೋಯಿತು. ಹಿಮ್ಮಡಿ ನೆಲ ಮುಟ್ಟಲು ಮಾತ್ರ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕಾಯಿತು. ನೋವು ತಡೆದುಕೊಂಡು ಒಂದು ದಿನವೂ ತಪ್ಪಿಸಲಿಲ್ಲ, ಪಾಪ. ಜೋಮು ಶುರುವಾದ ದಿನವೇ ಫೋನ್ ಮಾಡಿದ್ದರೆ ಬಹುಶಃ ಅಷ್ಟು ಬೇಕಾಗುತ್ತಿರಲಿಲ್ಲ. ಬೆರಳು ಜೋಮು ಹಿಡಿದರೆ, ಪಾದ ಮೇಲಕ್ಕೆ ಬಗ್ಗದಿದ್ದರೆ, ಮುಂದಿನ ಭೇಟಿಯವರೆಗೆ ಕಾಯಬೇಡಿ.