ಹೊಟ್ಟೆಯ ಅಮೀಬಾ: ಕಂಡದ್ದೆಲ್ಲ ಕಳ್ಳನಲ್ಲ

‘ನನಗೆ ಹತ್ತು ವರ್ಷದಿಂದ ಅಮೀಬಿಯಾಸಿಸ್’, ಅಂದರೆ ಕರುಳಿನಲ್ಲಿ ಅಮೀಬಾ ಸೋಂಕು, ಎನ್ನುವವರು ನಮ್ಮಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಹೊಟ್ಟೆ ಗುಡುಗುಟ್ಟಿದರೆ ಸಾಕು, ಅಮೀಬಾ ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆ ತಂದು ಎರಡು ದಿನ ನುಂಗುತ್ತಾರೆ. ಕೇಳಿದರೆ, ಎಂದೋ ಒಮ್ಮೆ ಲ್ಯಾಬ್ ರಿಪೋರ್ಟಿನಲ್ಲಿ ಎಂಟಮೀಬಾ ಹಿಸ್ಟೊಲಿಟಿಕಾ ಸಿಸ್ಟ್ ಕಂಡಿದೆ ಎಂದು ಬರೆದಿತ್ತಂತೆ. ಹಿಸ್ಟೊಲಿಟಿಕಾ ಎಂದರೆ ಈ ಕಾಯಿಲೆ ತರುವ ಅಮೀಬಾ, ಸಿಸ್ಟ್ ಎಂದರೆ ಗಟ್ಟಿ ಹೊದಿಕೆಯೊಳಗೆ ಸುಮ್ಮನಿರುವ ಅದರ ರೂಪ. ನನಗೆ ತಲೆ ಕೆಡುವುದು ಇಲ್ಲೇ. ಮೈಕ್ರೋಸ್ಕೋಪಿನಲ್ಲಿ ಸಿಸ್ಟ್ ನೋಡಿ, ಇದು ಹಿಸ್ಟೊಲಿಟಿಕಾನೇ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಯಾಕೆಂದರೆ ಅದಕ್ಕೊಂದು ಅವಳಿ ಇದೆ, ಎಂಟಮೀಬಾ ಡಿಸ್ಪಾರ್. ಅದೇ ಗಾತ್ರ, ಅದೇ ನಾಲ್ಕು ನ್ಯೂಕ್ಲಿಯಸ್. ಹಿಸ್ಟೊಲಿಟಿಕಾ ಕರುಳು ಕೊರೆಯುತ್ತದೆ. ಡಿಸ್ಪಾರ್ ತನ್ನ ಪಾಡಿಗೆ ಇದ್ದು ಹೋಗುತ್ತದೆ. ಹಾಲು ಮತ್ತು ಸುಣ್ಣದ ನೀರನ್ನು ಒಂದೇ ತರದ ಲೋಟದಲ್ಲಿಟ್ಟು, ದೂರದಿಂದಲೇ ನೋಡಿ ಹೇಳಿ ಎಂದ ಹಾಗಾಯಿತು. ನಾಲಿಗೆಗೆ ತಾಗಿದರೆ ತಾನೇ ಗೊತ್ತಾಗುವುದು?

ಫ್ರಾನ್ಸಿನ ಪರಜೀವಿ ತಜ್ಞ ಎಮಿಲ್ ಬ್ರುಂಪ್ಟ್ 1925ರಲ್ಲೇ ಇವೆರಡು ಬೇರೆ ಜೀವಿಗಳು ಎಂದಿದ್ದರು. ಹೆಚ್ಚಿನವರು ನಂಬಲಿಲ್ಲ. ಕಿಣ್ವ, ಡಿಎನ್‌ಎ ಎಲ್ಲ ಹೋಲಿಸಿ, ಅವರು ಹೇಳಿದ್ದೇ ಸರಿ ಎಂದು ಒಪ್ಪುವಾಗ 1993 ಬಂದಿತ್ತು. ಬ್ರುಂಪ್ಟ್ 1951ರಲ್ಲೇ ತೀರಿಕೊಂಡಿದ್ದರು.

ಮೈಕ್ರೋಸ್ಕೋಪಿನಲ್ಲೂ ಒಂದು ಒಳ್ಳೆಯ ಸುಳಿವು ಸಿಗಬಹುದು. ರಕ್ತಭೇದಿಯ ಮಲದಲ್ಲಿ ಹರಿದಾಡುವ ಅಮೀಬಾದ ಹೊಟ್ಟೆಯೊಳಗೆ ಕೆಂಪು ರಕ್ತಕಣ ಕಂಡರೆ ಅದು ಬಹುತೇಕ ಹಿಸ್ಟೊಲಿಟಿಕಾ. ಆದರೆ ಈ ಹರಿದಾಡುವ ರೂಪ ಹೊರಗೆ ಬಂದ ಮೇಲೆ ಹೆಚ್ಚು ಹೊತ್ತು ಬಾಳುವುದಿಲ್ಲ. ಅರ್ಧ ಗಂಟೆಯೊಳಗೆ ನೋಡಬೇಕು. ಬೆಳಿಗ್ಗೆ ಆರಕ್ಕೆ ಡಬ್ಬಿಗೆ ಹಾಕಿಟ್ಟು, ತಿಂಡಿ ಮುಗಿಸಿ ಹನ್ನೊಂದಕ್ಕೆ ಲ್ಯಾಬಿಗೆ ಕೊಟ್ಟರೆ ಏನು ಕಾಣುತ್ತೆ ಹೇಳಿ?

ಈ ಅಮೀಬಾ ತಿನ್ನುವ ಬಗೆಯಂತೂ ಸೋಜಿಗ. ಹಿಸ್ಟೊಲಿಟಿಕಾ ಎಂದರೆ ಅಂಗಾಂಶ ಕರಗಿಸುವಂಥದ್ದು. ಜರ್ಮನಿಯ ಪ್ರಾಣಿವಿಜ್ಞಾನಿ ಫ್ರಿಟ್ಸ್ ಶೌಡಿನ್ 1903ರಲ್ಲಿ ಇಟ್ಟ ಹೆಸರು. ಮೊದಲು ಕೊಲ್ಲುತ್ತದೆ, ಆಮೇಲೆ ತಿನ್ನುತ್ತದೆ ಎಂದೇ ಬಹಳ ಕಾಲ ತಿಳಿದಿದ್ದರು. 2014ರಲ್ಲಿ ಕಂಡದ್ದು ಬೇರೆಯೇ. ಅದು ಬದುಕಿರುವ ಜೀವಕೋಶವನ್ನೇ ಚೂರು ಚೂರಾಗಿ ಕಚ್ಚಿ ತೆಗೆಯುತ್ತದೆ, ಗಿಳಿ ಜೋಳದ ತೆನೆ ಕುಕ್ಕಿದ ಹಾಗೆ. ಇಲಿ ಅಕ್ಕಿ ಮೂಟೆ ಕಡಿದ ಹಾಗೆ ಅಂದರೆ ಇನ್ನೂ ಸರಿ. ಇಲಿ ಮೂಟೆಯನ್ನು ಪೂರ್ತಿ ತಿನ್ನಬೇಕಿಲ್ಲ, ಚೀಲ ನಾಲ್ಕು ಕಡೆ ತೂತಾದರೆ ಸಾಕು. ಕಡಿತ ಜಾಸ್ತಿಯಾದಾಗ ಜೀವಕೋಶ ಸಾಯುತ್ತದೆ. ಸತ್ತದ್ದನ್ನು ಅಮೀಬಾ ಅಲ್ಲೇ ಬಿಟ್ಟುಬಿಡುತ್ತದೆ!

ಕಚ್ಚುವ ಮೊದಲು ಅಂಟಿಕೊಳ್ಳಬೇಕಲ್ವಾ? ಅದಕ್ಕೆ ಲೆಕ್ಟಿನ್ ಎಂಬ ಪ್ರೋಟೀನ್ ಕೊಕ್ಕೆ ಇದೆ. ನಮ್ಮ ಜೀವಕೋಶದ ಮೇಲಿನ ಸಕ್ಕರೆ ಅಣುಗಳಿಗೆ ಅದು ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಆಂಟಿಜೆನ್ ಪರೀಕ್ಷೆ ಮಲದಲ್ಲಿ ಹುಡುಕುವುದು ಈ ಕೊಕ್ಕೆಯನ್ನೇ. ಡಿಸ್ಪಾರ್‌ನ ಕೊಕ್ಕೆ ಸ್ವಲ್ಪ ಬೇರೆ, ಅದರಿಂದ ಅವಳಿಗಳನ್ನು ಬೇರೆ ಮಾಡಬಹುದು. ಅಮೀಬಾದ ಡಿಎನ್ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಇನ್ನೂ ಖಚಿತ. ರಕ್ತದ ಆಂಟಿಬಾಡಿ ಪರೀಕ್ಷೆ ಮಾತ್ರ ನಮ್ಮಂಥ ಕಡೆ ಗೊಂದಲ ಮಾಡುತ್ತದೆ, ಹಳೇ ಸೋಂಕಿನ ಗುರುತೂ ವರ್ಷಗಟ್ಟಲೆ ಉಳಿದಿರುತ್ತದೆ.

ಇದು ಖಾರ ತಿಂದವರಿಗೆ, ಮೈ ‘ಹೀಟ್’ ಆದವರಿಗೆ ಬರುವ ಕಾಯಿಲೆ ಅಲ್ಲ. ಇನ್ನೊಬ್ಬರ ಮಲದ ಅಂಶ ನೀರಲ್ಲೋ ಊಟದಲ್ಲೋ ಬಾಯಿಗೆ ಹೋಗಬೇಕು. ನಲ್ಲಿ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಸಿಸ್ಟ್ ಜಗ್ಗುವುದಿಲ್ಲ, ನೀರು ಕುದಿಯಬೇಕು. ಬಡ ಊರಿನ ರೋಗ ಅಂತ ಸುಮ್ನೆ ಅನ್ನುತ್ತಾರೆ. 1933ರಲ್ಲಿ ಶಿಕಾಗೋದ ವಿಶ್ವಮೇಳಕ್ಕೆ ಬಂದವರು ದೊಡ್ಡ ಹೋಟೆಲುಗಳಲ್ಲಿ ಇಳಿದರು. ಅಲ್ಲಿನ ಕೊಳಾಯಿಗಳಲ್ಲಿ ಕುಡಿಯುವ ನೀರಿಗೆ ಕೊಳಚೆ ಸೇರುತ್ತಿತ್ತು. ಸಾವಿರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಕೆಲವರಿಗೆ ಅಪೆಂಡಿಸೈಟಿಸ್ ಎಂದು ಹೊಟ್ಟೆ ಕೊಯ್ದರು!

ಇಂಥ ತಪ್ಪು ಈಗಲೂ ಆಗಬಹುದು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಬೇರೆ ಕಾಯಿಲೆ) ಎಂದುಕೊಂಡು ಸ್ಟೆರಾಯ್ಡ್ ಕೊಟ್ಟರೆ, ಒಳಗೆ ಅಮೀಬಾ ಇದ್ದಲ್ಲಿ ಕರುಳೇ ತೂತಾಗಬಹುದು.

ಇನ್ನು ಆ ಎರಡು ದಿನದ ಮಾತ್ರೆ. ಡಿಸ್ಪಾರ್ ಇದ್ದರೆ ಔಷಧಿಯೇ ಬೇಡ. ನಿಜವಾಗಿ ಹಿಸ್ಟೊಲಿಟಿಕಾ ಇದ್ದರೆ ಎರಡು ದಿನ ಸಾಲದು. ಪೂರ್ತಿ ಕೋರ್ಸ್ ನುಂಗಿದರೂ ಮೆಟ್ರೊನಿಡಜೋಲ್ ಕರುಳಿನಲ್ಲಿರುವ ಸಿಸ್ಟ್‌ಗಳನ್ನು ಪೂರ್ತಿ ತೆಗೆಯುವುದಿಲ್ಲ. ಅದಕ್ಕೇ ಡಾಕ್ಟರು ಆಮೇಲೆ ಡಿಲೊಕ್ಸನೈಡ್ ಅಥವಾ ಪ್ಯಾರೊಮೊಮೈಸಿನ್ ಬರೆಯುವುದು. ಹೊಟ್ಟೆನೋವು ನಿಂತಿತು ಎಂದು ಅದನ್ನು ಬಿಟ್ಟವರು ಆರಾಮಾಗಿ ಓಡಾಡುತ್ತಾರೆ, ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸುತ್ತಾರೆ. ಸಿಸ್ಟ್ ಮಾತ್ರ ಅವರ ಮಲದಲ್ಲಿ ಹೋಗುತ್ತಲೇ ಇರುತ್ತದೆ.